ಐದು ಮಂಚದ ಕ್ಯಾರವಾನ್

ಹೌನ್ಸ್ಲೋ
14 ಜನವರಿ 2024

ಡಾಕ್ಟರ್ ಶೇಷಾದ್ರಿ ಅವರಿಗೆ ಮಲ್ಲಪ್ಪನ ನಮಸ್ಕಾರಗಳು.

ಕ್ಯಾರವಾನ್ ಮನೆಗೆ ಬಂತು. ಆ ಚಕ್ರದ ಮನೆಯನ್ನು ನನ್ನ ಗಾಡಿಯ ಹಿಂದೆ ಕಟ್ಟಿ ಎಳೆದು ತಂದೆ. ಫೋನಿನಲ್ಲಿ ಹೇಳಿದರೆ ಅಳತೆಗಳು ನಿಮಗೆ ನೆನಪಿರುವುದಿಲ್ಲ, ಅದಕ್ಕೇ ಈ ಕಾಗದ. ಇದರ ಜೊತೆ ಒಳಗಿನ ನಕ್ಷೆ ಬರೆದು ಇಟ್ಟಿದ್ದೇನೆ. ನಿಮಗೆ ಏನೇನು ಬೇಕೋ ಅದರ ಮೇಲೇ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ವಾಪಸ್ ಕಳಿಸಿ.

ನಮ್ಮ ಆಸ್ಪತ್ರೆಯಲ್ಲಿ ಪೋರ್ಟರ್ ಆಗಿದ್ದವರೊಬ್ಬರ ಹಿತ್ತಲಲ್ಲಿ ಒಂಬತ್ತು ವರ್ಷದಿಂದ ನಿಂತಿತ್ತು. ತೆಗೆದುಕೊಂಡು ಹೋದರೆ ಸಾಕು ಅಂದರು. ಹೊರಗಿನಿಂದ ನೋಡಿದರೆ ಪರವಾಗಿಲ್ಲ. ಒಳಗೆ ಕಾಲಿಟ್ಟಾಗ ನೆಲ ಕುಸಿಯಿತು. ಹಿಂದಿನ ಕಿಟಕಿಯ ಕೆಳಗೆ ಸ್ಕ್ರೂಡ್ರೈವರ್ ಚುಚ್ಚಿದೆ, ಹಿಡಿಯವರೆಗೂ ಹೋಯಿತು. ಗೋಡೆಯೊಳಗಿನ ಕಟ್ಟಿಗೆಯೆಲ್ಲ ನೀರು ಕುಡಿದು ಕಪ್ಪಾಗಿದೆ. ಸೀಟಿನ ಸ್ಪಂಜಿನಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಆದರೆ ಕೆಳಗಿನ ಕಬ್ಬಿಣದ ಚೌಕಟ್ಟು ಗಟ್ಟಿಯಾಗಿದೆ. ಅದೊಂದು ಗಟ್ಟಿ ಇದ್ದರೆ ಉಳಿದದ್ದನ್ನೆಲ್ಲ ನಾನು ಕಟ್ಟಬಲ್ಲೆ.

ನಮ್ಮ ಮನೆಯಾಕೆ ಹಂಪಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಏನ್ರೀ ಇದು, ಈ ಮುರುಕ ಡಬ್ಬಿ ತಂದು ಮನಿ ಮುಂದ ನಿಲ್ಲಿಸೀರಿ? ಓಣಿಯವ್ರು ಏನಂದಾರು?" ಅಂದಳು. "ಸೆಪ್ಟೆಂಬರ್‌ದಾಗ ನೋಡು, ಅರಮನಿ ಆಗಿರ್ತದ" ಅಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಿಮ್ಮ ಕಡೆಯ ಬೆಟ್ಟದ ಬುಡದಲ್ಲಿ ಉಳಿಯಲು ಒಳ್ಳೆಯ ಕ್ಯಾರವಾನ್ ತಂದರೆ ನಮ್ಮಿಬ್ಬರಿಗೂ ಜಿಂಕೆ ಬೇಟೆಯ ತಂಡದಲ್ಲಿ ಜಾಗ ಸಿಗುತ್ತದೆ ಅಂತ ತಂಡದ ಯಜಮಾನ ಗ್ರಹಾಂ ಸಾಹೇಬರು ನಿಮಗೆ ಹೇಳಿದ ದಿನದಿಂದ ನನಗೆ ಬೇರೆ ಯೋಚನೆಯೇ ಇಲ್ಲ. ನಿಮಗೆ ಗೊತ್ತಲ್ಲ, ನಾವು ಬೇಡರು. ನಮ್ಮ ಮುತ್ಯಾ ಸುರಪುರದ ಗುಡ್ಡಗಳಲ್ಲಿ ಒಂದು ಈಟಿ, ಎರಡು ನಾಯಿ ಕಟ್ಟಿಕೊಂಡು ಹಂದಿ ಬೇಟೆಗೆ ಹೋಗುತ್ತಿದ್ದ. ಒಮ್ಮೆ ಗಾಯಗೊಂಡ ಹಂದಿ ತಿರುಗಿಬಿದ್ದು ತೊಡೆ ಸೀಳಿದಾಗ, ತನ್ನ ರುಮಾಲಿನಿಂದಲೇ ಕಾಲು ಬಿಗಿದುಕೊಂಡು ಅದರ ಹಿಂದೆ ಎರಡು ಹರದಾರಿ ನಡೆದನಂತೆ. ನೋವಿನಲ್ಲಿರುವ ಪ್ರಾಣಿಯನ್ನು ಬಿಟ್ಟುಬರಬಾರದು ಅಂತ. ಅವನ ಮೊಮ್ಮಗ ನಾನು ಈ ದೇಶದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಔಷಧಿ ಹರಿಸುವ ಸಿರಿಂಜ್ ಪಂಪು ರಿಪೇರಿ ಮಾಡಿದ್ದೇನೆ. ಒಂದು ಸಲ ದೊಡ್ಡ ಬೆಟ್ಟದಲ್ಲಿ ಹೆಜ್ಜೆಗುರುತು ಹಿಡಿದು ನಡೆಯಬೇಕು.

ನೀವು ಕೆಲಸಕ್ಕೆ ಇನ್ವರ್ನೆಸ್ಸಿಗೆ ಹೋದ ಮೇಲೆ ಮೊದಲ ಸಲ ನಿಮ್ಮ ಮನೆಯವರು, ನೀರಜಾ ಅವರು, ನಿಮ್ಮ ಮನೆಯ ಹತ್ತಿರ ರೇನರ್ಸ್ ಲೇನಿನ ಅಂಗಡಿಯಲ್ಲಿ ಸಿಕ್ಕಿದ್ದರು. ಆರಾಮಾಗಿದ್ದಾರೆ.

ನಿಮ್ಮ,
ಮಲ್ಲಪ್ಪ


ಇನ್ವರ್ನೆಸ್
2 ಫೆಬ್ರವರಿ 2024

ಪ್ರಿಯ ಮಲ್ಲಪ್ಪ,

ನಿನ್ನ ಕಾಗದ ಓದಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಬ್ಬನೇ ನಕ್ಕೆ ಕಣಯ್ಯ. ಇಲಿಗಳಿಗೆ ನೋಟಿಸ್ ಕೊಟ್ಟು ಖಾಲಿ ಮಾಡಿಸಿದೆ ತಾನೆ?

ನೆನಪಿದೆಯಾ, ಆಪರೇಷನ್ ಥಿಯೇಟರಿನಲ್ಲಿ ವೆಂಟಿಲೇಟರ್ ಕೈಕೊಟ್ಟ ದಿನ? ನಾನು ರೋಗಿಗೆ ಕೈಯಿಂದಲೇ ಗಾಳಿ ಒತ್ತುತ್ತ ಬೆವರುತ್ತಿದ್ದೆ. ನೀನು ಮಂಡಿಯೂರಿ ಅದರ ಹೊಟ್ಟೆ ಬಿಚ್ಚುತ್ತ, "ನಿನ್ನ ಬಾಯಾಗ ಮಣ್ಣು ಹಾಕ" ಅಂತ ಬೈದೆ. ಲಂಡನ್ನಿಗೆ ಬಂದು ನಾಲ್ಕು ತಿಂಗಳಾಗಿತ್ತು, ಮನೆಯ ಹೊರಗೆ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಇಪ್ಪತ್ತು ವರ್ಷ ಆಯಿತು. ನಿನ್ನ ಕೈ ಮುಟ್ಟಿದ ಯಂತ್ರ ಕೆಟ್ಟದ್ದನ್ನು ನಾನು ಕಂಡಿಲ್ಲ.

ನಕ್ಷೆಯ ಮೇಲೆ ಗುರುತು ಹಾಕಿದ್ದೇನೆ. ಬಂದೂಕುಗಳಿಗೆ ಬೀಗ ಹಾಕುವ ಉಕ್ಕಿನ ಪೆಟ್ಟಿಗೆ ಬೇಕೇ ಬೇಕು. ಒದ್ದೆ ಬಟ್ಟೆ ಒಣಗಿಸಲು ಹೀಟರ್ ಹತ್ತಿರ ಒಂದು ಕಪಾಟು. ಇಲ್ಲಿ ದಿನವಿಡೀ ತೊಯ್ದುಕೊಂಡು ಬರುತ್ತೇವೆ. ಮಂಚ ನಾಲ್ಕು ಇರಲಿ.

ಗ್ರಹಾಂ ಮತ್ತು ಉಳಿದ ಮೂವರು ಬಹಳ ಒಳ್ಳೆಯವರು. ನನ್ನನ್ನು "ಶೆಶ್" ಅಂತ ಕರೆಯುತ್ತಾರೆ. ಮೊದಲು ವಿಚಿತ್ರ ಅನ್ನಿಸಿತು, ಈಗ ಅಭ್ಯಾಸವಾಗಿದೆ.

ಇಂತಿ,
ಶೇಷಾದ್ರಿ


ಹೌನ್ಸ್ಲೋ
31 ಮಾರ್ಚ್ 2024

ಡಾಕ್ಟರಿಗೆ ನಮಸ್ಕಾರ.

ಹೊಸ ನೆಲ ಕೂತಿತು. ಹಿಂದಿನ ಗೋಡೆ ಮತ್ತು ಎಡಗೋಡೆಯ ಅರ್ಧ ಬಿಚ್ಚಿ ಹೊಸ ಕಟ್ಟಿಗೆ ಹಾಕಿದ್ದೇನೆ. ಅಲ್ಯೂಮಿನಿಯಂ ತಗಡನ್ನು ತೆಗೆಯುವುದು ಸುಲಭ, ಮತ್ತೆ ಅದೇ ತೂತಿಗೆ ಅದೇ ಮೊಳೆ ಕೂರಿಸುವುದು ಕಷ್ಟ. ಶನಿವಾರ, ಭಾನುವಾರ ಅದೇ ಕೆಲಸ. ತಲೆಯ ಮೇಲೆ ವಿಮಾನ ಇಳಿಯುವಾಗ ಡ್ರಿಲ್ ಓಡಿಸುತ್ತೇನೆ, ಯಾರಿಗೂ ಕೇಳಿಸುವುದಿಲ್ಲ. ಆದರೂ ಯಾರೋ ದೂರು ಕೊಟ್ಟರು. ಕೌನ್ಸಿಲ್ಲಿನಿಂದ ಒಬ್ಬರು ಬಂದು ಸುತ್ತ ನೋಡಿ, ಇದರಲ್ಲಿ ಯಾರೂ ವಾಸ ಮಾಡುತ್ತಿಲ್ಲ ತಾನೆ ಅಂತ ಕೇಳಿದರು. ಹೋಗುವಾಗ ಜೋಡಣೆಯ ಮೇಲೆ ಕೈಯಾಡಿಸಿ, "ಒಳ್ಳೆಯ ಕೆಲಸ" ಅಂದರು.

ಕಿಟಕಿಯ ಪರದೆಗೆ ಸೌತ್‌ಹಾಲಿನಿಂದ ಹಸಿರು ಬಟ್ಟೆ ತಂದೆ. ಮಗಳು ಸಂಹಿತಾ ಹೊಲಿದು ಕೊಡುತ್ತಿದ್ದಾಳೆ. ಮಿಷಿನ್ ತುಳಿಯುತ್ತ ಅವಳು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದಳು: "ಅಪ್ಪಾ, ನಿನ್ನನ್ನು ಆ ತಂಡದವರು ಕರೆದಿದ್ದಾರಾ, ಇಲ್ಲಾ ಶೇಷಾದ್ರಿ ಅಂಕಲ್ ಕರೆದಿದ್ದಾರಾ?" "ಎರಡೂ ಒಂದ" ಅಂದೆ. ಅವಳು ದಾರ ಕತ್ತರಿಸಿ ಇನ್ನೊಂದು ಪರದೆ ಎತ್ತಿಕೊಂಡಳು.

ಅದರಿಂದಲೇ ನೆನಪಾಯಿತು. ತಂಡಕ್ಕೆ ಸೇರಲು ಅರ್ಜಿ ಏನಾದರೂ ತುಂಬಬೇಕೇ? ನನ್ನ ಬಂದೂಕಿನ ಲೈಸೆನ್ಸಿನ ಪ್ರತಿ, ಬೇಟೆ ತರಬೇತಿಯ ಪ್ರಮಾಣಪತ್ರ ಹೋದ ತಿಂಗಳೇ ಕಳಿಸಿದ್ದೆ. ಮುಟ್ಟಿತೋ ಇಲ್ಲವೋ ಅಂತ ಇನ್ನೊಂದು ಪ್ರತಿ ಇದರೊಳಗೆ ಇಟ್ಟಿದ್ದೇನೆ. ಸೆಪ್ಟೆಂಬರ್ ಕೊನೆಯಿಂದ ಎರಡು ವಾರ ರಜೆ ಬರೆದುಕೊಟ್ಟಿದ್ದೇನೆ.

ನಿಮ್ಮ,
ಮಲ್ಲಪ್ಪ


ಇನ್ವರ್ನೆಸ್
19 ಮೇ 2024

ಪ್ರಿಯ ಮಲ್ಲಪ್ಪ,

ತಡವಾಯಿತು. ಇಲ್ಲಿ ಡಾಕ್ಟರುಗಳು ಕಮ್ಮಿ, ಕೆಲಸ ವಿಪರೀತ. ನೀನು ಕಳಿಸಿದ ಫೋಟೋಗಳನ್ನು ಗ್ರಹಾಂಗೆ ತೋರಿಸಿದೆ, ಬೆರಗಾದ. ಒಂದು ಸಣ್ಣ ಬದಲಾವಣೆ. ಮಂಚ ನಾಲ್ಕರ ಬದಲು ಐದು ಆಗಬಹುದಾ? ಮೇಜನ್ನು ಮಡಿಸಿ ಏನಾದರೂ ಮಾಡಲು ಸಾಧ್ಯವೇ ನೋಡು.

ಅರ್ಜಿ ಗಿರ್ಜಿ ಏನೂ ಇಲ್ಲ. ಅದನ್ನೆಲ್ಲ ನನಗೆ ಬಿಡು.

ಶೇಷಾದ್ರಿ


ಹೌನ್ಸ್ಲೋ
7 ಜುಲೈ 2024

ಡಾಕ್ಟರಿಗೆ ನಮಸ್ಕಾರ.

ಐದನೆಯ ಮಂಚ ಆಯಿತು. ಮೇಜನ್ನು ಕೆಳಗಿಳಿಸಿ ಎರಡು ಸೀಟಿನ ನಡುವೆ ಕೂರಿಸಿದರೆ ಮಂಚವಾಗುತ್ತದೆ, ಆರಡಿ ಎರಡಿಂಚು. ಗ್ರಹಾಂ ಸಾಹೇಬರು ಎತ್ತರದ ಆಳು ಅಂದಿದ್ದಿರಿ, ಅದಕ್ಕೇ ಎರಡಿಂಚು ಹೆಚ್ಚು.

ಅವರು ನಾಲ್ವರು, ನೀವು ಒಬ್ಬರು. ನಾನು ಆರನೆಯವನು. ಬಾಗಿಲ ಪಕ್ಕ ನೆಲದಲ್ಲಿ ನನ್ನ ಉದ್ದಕ್ಕೆ ಸರಿಯಾಗಿ ಜಾಗ ಉಳಿಯುತ್ತದೆ, ಅಳೆದು ನೋಡಿದೆ. ಚಾಪೆ ಒಂದಿದ್ದರೆ ಸಾಕು. ನೆಲದ ಕೆಳಗೆ ಎರಡು ಪದರ ಥರ್ಮೋಕೋಲ್ ಹಾಕಿದ್ದೇನೆ, ಚಳಿ ಮೇಲೆ ಬರುವುದಿಲ್ಲ.

ಗ್ಯಾಸ್ ಇಂಜಿನಿಯರ್ ಬಂದು ಹೀಟರ್, ಒಲೆ ಪರೀಕ್ಷಿಸಿ ಸಹಿ ಹಾಕಿಕೊಟ್ಟರು. ಟೈರ್ ಎರಡೂ ಹೊಸವು. ಹೋದ ವಾರ ಮೂರು ದಿನ ಬಿಡದೆ ಮಳೆ ಸುರಿಯಿತು. ಒಳಗೆ ಕೂತು ಪ್ರತಿ ಮೂಲೆಗೂ ಒಣ ಕೈ ಸವರಿ ನೋಡಿದೆ. ಒಂದು ಹನಿ ಇಲ್ಲ. ಹಂಪಮ್ಮನೂ ಬಂದು ಅರ್ಧ ತಾಸು ಕೂತಳು. "ಚೆಂದ ಆಗೇದ ಬಿಡ್ರಿ. ಇಲ್ಲೇ ಇದ್ದುಬಿಡೂಣು" ಅಂದಳು. ಇಷ್ಟು ವರ್ಷದಲ್ಲಿ ನಾನು ಮಾಡಿದ ಕೆಲಸವನ್ನು ಅವಳು ಹೊಗಳಿದ್ದು ಇದೇ ಮೊದಲು.

ನೀವು ಫೋನ್ ಎತ್ತುತ್ತಿಲ್ಲ. ಕೆಲಸದ ಒತ್ತಡ ಅಂತ ಗೊತ್ತು. ಸೆಪ್ಟೆಂಬರ್ ಇಪ್ಪತ್ತೆಂಟು, ಶನಿವಾರ, ಮಧ್ಯಾಹ್ನ ಅಲ್ಲಿರುತ್ತೇನೆ.

ನಿಮ್ಮ,
ಮಲ್ಲಪ್ಪ


ಹೌನ್ಸ್ಲೋ
6 ಅಕ್ಟೋಬರ್ 2024

ಶೇಷಾದ್ರಿ ಅವರಿಗೆ,

ಬೆಟ್ಟದ ಬುಡದಲ್ಲಿ ಆ ದಿನ ನೀವು "ಆಮೇಲೆ ಹೇಳ್ತೀನಿ ಮಲ್ಲಪ್ಪ, ಈಗ ಬೇಡ" ಅಂದಿರಿ. ಎಂಟು ದಿನ ಕಾದೆ. ನೀವು ಹೇಳಲಿಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ನನ್ನ ಕಣ್ಣಿಗೆ ಕಂಡದ್ದು ಹೀಗೆ.

ಎರಡು ದಿನ ಗಾಡಿ ಓಡಿಸಿಕೊಂಡು ಬಂದೆ. ಹಿಂದೆ ಕ್ಯಾರವಾನ್ ಇರುವಾಗ ಜೋರಾಗಿ ಹೋಗುವ ಹಾಗಿಲ್ಲ. ದಾರಿಯಲ್ಲಿ ನಾಲ್ಕು ಸಲ ಇಳಿದು ಕೊಂಡಿ, ಚಕ್ರ ಮುಟ್ಟಿ ನೋಡಿದೆ. ನೀವು ಐವರೂ ಹೊರಗೆ ನಿಂತಿದ್ದಿರಿ. ಗ್ರಹಾಂ ಬಂದು ಕೈಕುಲುಕಿದರು. "ನೀವೇ ಅಲ್ಲವೇ ಕ್ಯಾರವಾನ್ ಮಾಡಿದವರು? ಶೆಶ್ ನಿಮ್ಮ ಬಗ್ಗೆ ತುಂಬಾ ಹೇಳುತ್ತಾನೆ. ಇದೇ ಉದ್ಯೋಗವಂತೆ ನಿಮ್ಮದು?" ಅಂದರು. ನಾನು ನಿಮ್ಮ ಮುಖ ನೋಡಿದೆ. ನೀವು ಕ್ಯಾರವಾನಿನ ಬಾಗಿಲು ತೆರೆಯುತ್ತಿದ್ದಿರಿ.

ಒಳಗೆಲ್ಲ ತೋರಿಸಿದೆ. ಮಂಚ ಹೇಗೆ ಇಳಿಸುವುದು, ಗ್ಯಾಸ್ ಹೇಗೆ ಮುಚ್ಚುವುದು, ಉಕ್ಕಿನ ಪೆಟ್ಟಿಗೆಯ ಎರಡು ಬೀಗದಕೈ. ಅವರು ಮಕ್ಕಳ ಹಾಗೆ ಖುಷಿಪಟ್ಟರು. ಅವರ ಮೇಲೆ ನನಗೆ ಕೋಪವಿಲ್ಲ. ಚಹಾ ಮಾಡಿಕೊಟ್ಟರು. ಐದು ಜನರ ಹೆಸರು ಬರೆದ ಐದು ಮಗ್ ಸಾಲಾಗಿ ಇದ್ದವು. ನನಗೆ ಥರ್ಮಾಸಿನ ಮುಚ್ಚಳದಲ್ಲಿ ಕೊಟ್ಟರು. ಅದಕ್ಕೂ ನನಗೆ ಬೇಸರವಾಗಲಿಲ್ಲ, ಆರನೆಯವನೊಬ್ಬ ಇದ್ದಾನೆ ಅಂತ ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಗ್ರಹಾಂ ಕೇಳಿದರು. "ನೀವೂ ಶೆಶ್ ಕಡೆಯವರೇ ಅಲ್ಲವೇ? ಹಾಗಾದರೆ ಅವನ ಅಜ್ಜನ ಕಥೆ ಗೊತ್ತಿರಬೇಕು. ಈಟಿ ಹಿಡಿದು, ಎರಡು ನಾಯಿ ಕಟ್ಟಿಕೊಂಡು ಹಂದಿಯ ಹಿಂದೆ ಹೋಗುತ್ತಿದ್ದನಂತೆ. ತೊಡೆ ಸೀಳಿದರೂ ತನ್ನ ಟರ್ಬನ್ ಬಿಚ್ಚಿ ಕಟ್ಟಿಕೊಂಡು ಆರು ಮೈಲಿ ನಡೆದನಂತೆ. ಎಂಥ ಮನುಷ್ಯ! ಆ ಕಥೆ ಕೇಳಿದ ದಿನವೇ ನಾವು ಇವನನ್ನು ತಂಡಕ್ಕೆ ಸೇರಿಸಿಕೊಳ್ಳಬೇಕು ಅಂದುಕೊಂಡೆವು."

ಶೇಷಾದ್ರಿಯವರೇ, ಆ ಹೊತ್ತಿಗೆ ನೀವು ನನ್ನನ್ನು ನೋಡಿದಿರಿ. ಅಷ್ಟು ಹೊತ್ತಿನಲ್ಲಿ ಅದೇ ಮೊದಲ ಸಲ. ನಾನು ಏನು ಹೇಳುತ್ತೇನೋ ಅಂತ ಕುಡಿಯುತ್ತಿದ್ದ ಮಗ್ ಕೆಳಗಿಟ್ಟಿರಿ. ನಾನು ಅಂದೆ, "ಹೌದು, ಕೇಳೇನಿ. ನಮ್ಮ ಕಡೆ ಎಲ್ಲರಿಗೂ ಗೊತ್ತದ." ಕನ್ನಡದಲ್ಲೇ ಬಾಯಿಂದ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ.

ನನ್ನ ಬಂದೂಕು ಗಾಡಿಯಲ್ಲೇ ಇತ್ತು. ಹೊರಗೆ ತೆಗೆಯಲಿಲ್ಲ. ನೀವು ಗಾಡಿಯವರೆಗೆ ಬಂದು, ಹಳ್ಳಿಯಲ್ಲಿ ರೂಮು ಸಿಗುತ್ತದೆ ಅಂದಿರಿ. ರೂಮು ಹಿಡಿಯಲಿಲ್ಲ. ಬಂದ ದಾರಿಯಲ್ಲೇ ತಿರುಗಿದೆ.

ಹಂಪಮ್ಮನಿಗೆ ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು. "ಆ ಡಾಕ್ಟರ್ ನಿಮಗಿಂತ ಎರಡ ವರ್ಷ ಸಣ್ಣವ್ರಲ್ಲೇನ್ರೀ? ಮತ್ತ ಇಷ್ಟು ದಿನ ನೀವ್ಯಾಕ ಅವ್ರಿಗೆ 'ನೀವು' ಅಂದ್ರಿ, ಅವ್ರ್ಯಾಕ ನಿಮಗ 'ನೀನು' ಅಂದ್ರು?" ಇಪ್ಪತ್ತು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನೀವು ಡಾಕ್ಟರ್, ಅದಕ್ಕೇ ಇರಬೇಕು ಅಂತ ಅಂದುಕೊಂಡಿದ್ದೆ.

ಹೊಲ, ಮನೆ, ಬಂಗಾರ ಯಾವುದೂ ನಮ್ಮ ಮುತ್ಯಾ ನಮಗೆ ಬಿಟ್ಟುಹೋಗಲಿಲ್ಲ. ಅದೊಂದು ಕಥೆ ಇತ್ತು.

ಮಲ್ಲಪ್ಪ


ಇನ್ವರ್ನೆಸ್
27 ಅಕ್ಟೋಬರ್ 2024

ಮಲ್ಲಪ್ಪ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಮೂರು ಸಲ ಕೂತು ಎದ್ದೆ.

ಅವರು ನಿನ್ನನ್ನು ಬೇಡ ಅಂದರು ಅಂತ ಹೇಳಿಬಿಟ್ಟರೆ ನನಗೆ ಸುಲಭ. ನೀನೂ ನಂಬುತ್ತಿದ್ದೆ. ಆದರೆ ಅವರು ಅಂದಿಲ್ಲ. ತಂಡದ ಜಾಗಕ್ಕೆ ನಿನ್ನ ಹೆಸರನ್ನು ನಾನು ಅವರಿಗೆ ಹೇಳಲೇ ಇಲ್ಲ. ಇಬ್ಬರಿಗೆ ಜಾಗ ಅಂತ ಗ್ರಹಾಂ ಹೇಳಿದ್ದು ನಿಜ. ಆ ಇನ್ನೊಂದು ಜಾಗ ಖಾಲಿಯೇ ಉಳಿಯಿತು.

ನಡೆದದ್ದು ಇಷ್ಟು. ಹೋದ ವರ್ಷ ಮೊದಲ ಸಲ ಅವರ ಜೊತೆ ಕೂತಾಗ ಒಬ್ಬೊಬ್ಬರೂ ಅಪ್ಪನ ಬಂದೂಕು, ಅಜ್ಜನ ಬೆಟ್ಟ ಅಂತ ಹೇಳುತ್ತಿದ್ದರು. ನನ್ನ ಸರದಿ ಬಂತು. ನಾನೇನು ಹೇಳಲಿ? ನಮ್ಮ ಅಜ್ಜ ಮೈಸೂರಿನ ಅಗ್ರಹಾರದಲ್ಲಿ ಪಂಚಾಂಗ ಬರೆಯುತ್ತಿದ್ದರು ಅಂತಲೇ? ನಾನು ಮಾಂಸ ಬಾಯಿಗಿಟ್ಟದ್ದೇ ಐವತ್ತು ದಾಟಿದ ಮೇಲೆ ಅಂತಲೇ? ನಿನ್ನ ಮುತ್ಯಾನ ಕಥೆ ಬಾಯಿಗೆ ಬಂದುಬಿಟ್ಟಿತು. ಹೇಳುತ್ತ ಹೇಳುತ್ತ ನನಗೇ ಅದು ನಿಜ ಅನ್ನಿಸಿತು. ಅವರ ಕಣ್ಣುಗಳಲ್ಲಿ ಏನೋ ಬದಲಾಯಿತು. ಇಷ್ಟು ವರ್ಷ ಈ ದೇಶದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಅದಾದ ಮೇಲೆ ನೀನು ಅಲ್ಲಿಗೆ ಹೇಗೆ ಬರಲು ಸಾಧ್ಯ? ನೀನು ಬಂದರೆ ನಾಲ್ಕು ಹೆಜ್ಜೆ ನಡೆಯುವುದರಲ್ಲೇ ಅವರಿಗೆ ಗೊತ್ತಾಗುತ್ತಿತ್ತು, ಆ ಕಥೆ ಯಾರ ಮನೆಯದು ಅಂತ. ಮೊದಲೇ ತಿಳಿಸೋಣ ಅಂತ ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದೆ. ನೀನು ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದೆ, ಬಾಯಿ ಬರಲಿಲ್ಲ.

ಆ ದಿನ ನೀನು ನನ್ನ ಮಾನ ಉಳಿಸಿದೆ. ನೀನು ದೊಡ್ಡ ಮನುಷ್ಯ. ನಿನಗೆ ಇದೆಲ್ಲ ಅರ್ಥವಾಗುತ್ತದೆ ಅಂತ ನನಗೆ ನಂಬಿಕೆಯಿದೆ. ಕ್ಯಾರವಾನ್ ಎಲ್ಲರಿಗೂ ಬಹಳ ಹಿಡಿಸಿದೆ.

ಶೇಷಾದ್ರಿ


ಇನ್ವರ್ನೆಸ್
8 ಡಿಸೆಂಬರ್ 2024

ಪ್ರಿಯ ಮಲ್ಲಪ್ಪ,

ನಿನ್ನಿಂದ ಉತ್ತರ ಬರಲಿಲ್ಲ. ಕೆಲಸದ ಗಡಿಬಿಡಿಯಲ್ಲಿದ್ದೀಯ ಅಂದುಕೊಂಡಿದ್ದೇನೆ.

ಒಂದು ಸಣ್ಣ ಉಪಕಾರ ಬೇಕಾಗಿದೆ. ನನ್ನ ಬಂದೂಕಿನ ಲೈಸೆನ್ಸ್ ಜನವರಿ ಕೊನೆಗೆ ಮುಗಿಯುತ್ತದೆ. ನವೀಕರಣಕ್ಕೆ ನನ್ನನ್ನು ಬಲ್ಲ ಇಬ್ಬರ ಹೆಸರು ಕೊಡಬೇಕು. ಹೋದ ಸಲದ ಹಾಗೆ ಈ ಸಲವೂ ನಿನ್ನ ಹೆಸರು ಕೊಟ್ಟಿದ್ದೇನೆ, ಇನ್ನೊಬ್ಬ ಗ್ರಹಾಂ. ಪೊಲೀಸ್ ಲೈಸೆನ್ಸ್ ವಿಭಾಗದಿಂದ ನಿನಗೆ ಫೋನ್ ಬರಬಹುದು. ಎರಡು ನಿಮಿಷದ ಮಾತು. ಕೇಳಿದ್ದಕ್ಕೆ ಹೌದು, ಇಲ್ಲ ಅಂದರೆ ಮುಗಿಯಿತು.

ಮತ್ತೆ, ನಾನು ಯೋಚಿಸಿದ್ದೇನೆ. ಮುಂದಿನ ಸೀಸನ್ನಿಗೆ ಆ ಖಾಲಿ ಜಾಗಕ್ಕೆ ನಿನ್ನ ಹೆಸರು ನಾನೇ ಹೇಳುತ್ತೇನೆ. ಅಜ್ಜನ ವಿಷಯ ಮಾತ್ರ ನೀನು ಎತ್ತಬಾರದು, ಅಷ್ಟೇ. ಹಳೆಯದನ್ನೆಲ್ಲ ಕೆದಕುವುದರಿಂದ ಯಾರಿಗೇನು ಲಾಭ?

ನಿನ್ನ,
ಶೇಷಾದ್ರಿ


ಹೌನ್ಸ್ಲೋ
16 ಫೆಬ್ರವರಿ 2025

ಶೇಷಾದ್ರಿ ಅವರಿಗೆ,

ಏನಾಯಿತು ಅಂತ ನಿಮಗೆ ಈಗಾಗಲೇ ತಿಳಿದಿದೆ. ಹೇಗಾಯಿತು ಅಂತ ನನ್ನಿಂದಲೇ ತಿಳಿಯಲಿ. ಇದು ನಾನು ಬರೆಯುವ ಕೊನೆಯ ಕಾಗದ.

ಜನವರಿ ಒಂಬತ್ತಕ್ಕೆ ಫೋನ್ ಬಂತು. ನಾನು ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಒಂದು ಪಂಪು ಬಿಚ್ಚಿಕೊಂಡು ಕೂತಿದ್ದೆ. ಹೆಂಗಸೊಬ್ಬರು, ಮೆತ್ತಗೆ ಮಾತಾಡುವವರು. ಎಷ್ಟು ವರ್ಷದಿಂದ ಬಲ್ಲಿರಿ ಅಂದರು. ಇಪ್ಪತ್ತೊಂದು ಅಂದೆ. ಕುಡಿಯುತ್ತಾರಾ, ಸಿಟ್ಟು ಬರುತ್ತದಾ, ಮನೆಯಲ್ಲಿ ಜಗಳವಿದೆಯಾ ಅಂತೆಲ್ಲ ಕೇಳಿದರು. ಎಲ್ಲದಕ್ಕೂ ಇಲ್ಲ ಅಂದೆ, ಅದು ನಿಜ. ಆಮೇಲೆ ಕೇಳಿದರು, "ಇವರು ಪ್ರಾಮಾಣಿಕರು ಅಂತ ನೀವು ಹೇಳುತ್ತೀರಾ?"

ಹೌದು ಅನ್ನಬೇಕು ಅಂತಲೇ ಬಾಯಿ ತೆರೆದೆ. ನಿಮ್ಮನ್ನು ಸಿಕ್ಕಿಸಬೇಕು ಅಂತ ನನ್ನ ಮನಸ್ಸಿನಲ್ಲಿ ಇರಲಿಲ್ಲ, ಇದನ್ನು ನೀವು ನಂಬದಿದ್ದರೂ ಸರಿ. ಕೈಯಲ್ಲಿದ್ದ ಪಂಪಿನ ಸ್ಕ್ರೂ ಕೆಳಗಿಟ್ಟೆ. ಆಕೆ ಮತ್ತೆ ಕೇಳಿದರು. "ಅದನ್ನು ನಾನು ಹೇಳಲಾರೆ, ಮೇಡಂ. ನನ್ನ ಹೆಸರು ತೆಗೆದುಬಿಡಿ" ಅಂದೆ. ಯಾಕೆ ಅಂದರು. ನಮ್ಮ ಮನೆಯ ವಿಷಯ ಅಂದೆ. ಅವರು ಬರೆದುಕೊಂಡ ಸದ್ದು ಕೇಳಿಸಿತು. ಕಥೆಯ ವಿಷಯ ಹೇಳಲಿಲ್ಲ. ಅದು ಪೊಲೀಸರಿಗೆ ಹೇಳುವಂಥದ್ದಲ್ಲ.

ನಿಮ್ಮ ಲೈಸೆನ್ಸ್ ತಡೆಹಿಡಿದಿದ್ದಾರೆ, ಬಂದೂಕು ಒಪ್ಪಿಸಿದ್ದೀರಿ, ಯಾಕೆ ಅಂತ ಗ್ರಹಾಂ ಕೇಳಿದ್ದಕ್ಕೆ ನೀವು ಸರಿಯಾಗಿ ಉತ್ತರ ಕೊಡಲಿಲ್ಲವಂತೆ, ಅವರು ನಿಮ್ಮನ್ನು ದೂರ ಇಟ್ಟಿದ್ದಾರಂತೆ. ಇದೆಲ್ಲ ನೀರಜಾ ಅವರಿಂದ ತಿಳಿಯಿತು. ಹೋದ ಭಾನುವಾರ ಅವರು ನಮ್ಮ ಮನೆಗೆ ಬಂದಿದ್ದರು. ನೀವು ಲಂಡನ್ನಿಗೆ ವಾಪಸ್ ಬಂದು ಹತ್ತು ದಿನವಾಯಿತು, ರೂಮು ಬಿಟ್ಟು ಹೊರಗೆ ಬರುತ್ತಿಲ್ಲ ಅಂದರು. ಅದಕ್ಕೇ ಈ ಕಾಗದ ರೇನರ್ಸ್ ಲೇನಿನ ನಿಮ್ಮ ಮನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ನನ್ನ ಬಂದೂಕನ್ನೂ ನಾನು ಪೊಲೀಸರಿಗೆ ಕೊಟ್ಟುಬಿಟ್ಟೆ. ಯಾರೂ ಕೇಳಲಿಲ್ಲ. ಪೆಟ್ಟಿಗೆ ತೆರೆದಾಗಲೆಲ್ಲ ಆ ಬೆಟ್ಟದ ಬುಡದ ಮಧ್ಯಾಹ್ನ ಕಣ್ಣಿಗೆ ಬರುತ್ತಿತ್ತು. ಮುಂದಿನ ಸೀಸನ್ನಿನ ಜಾಗ ನನಗೆ ಬೇಡ. ಕ್ಯಾರವಾನ್ ಆ ನಾಲ್ವರ ಹತ್ತಿರವೇ ಇರಲಿ. ಅವರು ನನಗೆ ಏನೂ ಮಾಡಿಲ್ಲ.

ಹಂಪಮ್ಮ ನೀರಜಾ ಅವರಿಗೆ ಚಹಾ ಮಾಡಿಕೊಟ್ಟಳು. ಅವರು ಇನ್ನೂ ಕೋಟು ತೆಗೆದಿರಲಿಲ್ಲ. ಚಹಾ ಮುಗಿಸಿ ಅಂದರು, "ಅವರು ನನಗೆ ಎಲ್ಲಾ ಹೇಳಿದ್ರು. ಮಾಡಿದ್ದು ತಪ್ಪು, ನಾನು ಇಲ್ಲ ಅನ್ನಲ್ಲ. ಆದ್ರೆ ಇಪ್ಪತ್ತು ವರ್ಷದ ಸ್ನೇಹ ಅಲ್ವಾ ಮಲ್ಲಪ್ಪನವರೇ? ಒಂದ್ಸಲ ಬಂದು ಮಾತಾಡಿಸಿ. ನೀವು ಕ್ಷಮಿಸಿದ್ರೆ ಅವರು ಎದ್ದು ಕೂರ್ತಾರೆ."

ನಾನು ಎದ್ದು ಹೋಗಿ ಅಕ್ಟೋಬರ್, ಡಿಸೆಂಬರಿನ ನಿಮ್ಮ ಎರಡು ಕಾಗದಗಳನ್ನು ತಂದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ನಿಧಾನವಾಗಿ ಓದಿದರು. ಓದಿ ಮುಗಿದ ಮೇಲೆ ಮೊದಲನೆಯದನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದರು, ಏನೋ ಹುಡುಕುವವರ ಹಾಗೆ.

"ಕ್ಷಮಾ ಅವ್ರು ಇನ್ನಾ ಕೇಳೇ ಇಲ್ರೀ ಅಕ್ಕಾರ" ಅಂದೆ.

ಮಲ್ಲಪ್ಪ